ಅವಳು ಹೂಂ ಅಂದ್ಲು, ಅವ್ರು ಒಪ್ಪಿಗೆ ಅನ್ಕೊಂಡ್ರು

ಫಾರಿನ್‌ಗೆ ಓದೋಕೆ ಹೋದ ಮಕ್ಕಳದ್ದು ಇದೇ ಥರದ ಕೇಸು ನನ್ನ ಹತ್ರ ಕೌನ್ಸೆಲಿಂಗಿಗೆ ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಬರೀತಿದೀನಿ. ಗುರುತು ಸಿಗೋಂಥ ವಿವರ ಬದಲಾಯಿಸಿದೀನಿ, ಹುಡುಗಿಯ ಒಪ್ಪಿಗೇನೂ ತಗೊಂಡಿದೀನಿ.

ಮಧ್ಯ ಕರ್ನಾಟಕದ ಒಂದು ತಾಲೂಕಿನ ಹುಡುಗಿ, 24 ವರ್ಷ, ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಮಾಸ್ಟರ್ಸ್ ಮಾಡ್ತಿದಾಳೆ. ಮನೇಲಿ ಸಾಲ ಮಾಡಿ ಬ್ಲಾಕ್ಡ್ ಅಕೌಂಟಿಗೆ, ಅಂದ್ರೆ ಅಲ್ಲಿನ ಖರ್ಚಿಗೆ ಅಂತ ಮೊದ್ಲೇ ದುಡ್ಡಿಟ್ಟು ತಿಂಗಳು ತಿಂಗಳು ಇಷ್ಟಿಷ್ಟೇ ತೆಗೆಯೋ ಖಾತೆಗೆ, 11,904 ಯೂರೋ ಕಟ್ಟಿ ಕಳ್ಸಿದಾರೆ. ಬೆಂಗಳೂರಲ್ಲೇ ಜರ್ಮನ್ ಭಾಷೆಯ ಬಿ1, ಅಂದ್ರೆ ಮಧ್ಯಮ ಹಂತ, ಮುಗಿಸಿ ಹೋದೋಳು, ಆದ್ರೂ ಕ್ಲಾಸಲ್ಲಿ ಬನ್ನಿಗೆ ಬ್ರೋಟ್‌ಶೆನ್ ಅಂತ ಕಲ್ತಿದ್ರೆ ಅಲ್ಲಿ ಬೇಕರಿಯವ್ರು ವೆಕ್ಲೆ ಅಂದ್ರಂತೆ, ಮೈಸೂರೋರು ಮೊದಲ ಸಲ ಧಾರವಾಡದಲ್ಲಿ ಬಸ್ ಇಳಿದ ಹಾಗೆ. ಎರಡನೇ ಸೆಮಿಸ್ಟರಿಂದ ವಾರಕ್ಕೆ 20 ಗಂಟೆ ಒಂದು ಕಂಪನಿಯ ಟೆಸ್ಟಿಂಗ್ ಲ್ಯಾಬಲ್ಲಿ ಕೆಲಸ.

"ಮೇಡಂ, ಇಲ್ಲಿ ನನ್ನ ಕಂಡ್ರೆ ಯಾರಿಗೂ ಆಗಲ್ಲ." ಮೊದಲ ಎರಡು ಸೆಷನ್ನಲ್ಲೂ ಇದೇ ಮಾತು. ನಾನು ಏನ್ ಹೇಳ್ದೆ ಗೊತ್ತಾ, ಸ್ವಲ್ಪ ಟೈಮ್ ಕೊಡು, ನಮ್ಮೋರ ಜೊತೆ ಬೆರಿ ಅಂದೆ. ಅವಳು ಚಾಚೂ ತಪ್ಪದೆ ಪಾಲಿಸಿದ್ಲು. ಪ್ರತಿ ಶನಿವಾರ ಕನ್ನಡದ ಹುಡುಗ್ರ ರೂಮಲ್ಲಿ ಬಿಸಿಬೇಳೆಬಾತು, ಜೊತೆಗೆ ಜರ್ಮನ್ನರನ್ನ ಬೈಯೋದು, ಸೋಮವಾರ ಲ್ಯಾಬಿಗೆ ಹೋಗೋದು ಇನ್ನೂ ಕಷ್ಟ ಆಯ್ತು. ಆ ಸಲಹೆ ನೆನಸ್ಕೊಂಡ್ರೆ ಈಗ್ಲೂ ಮುಜುಗರ ಆಗತ್ತೆ ನನಗೆ.

ಅವರಪ್ಪ ಬೇರೆ ಫೋನ್ ಮಾಡಿ, ಅಲ್ಲಿಂದ ಕಿಟೆಲ್ ಬಂದು ಕನ್ನಡ ಕಲ್ತು ನಿಘಂಟೇ ಬರೆದ್ರು, ಇವಳಿಗೆ ಅಲ್ಲಿ ಹೊಂದ್ಕೊಳ್ಳೋಕಾಗಲ್ವಾ ಅಂದ್ರು. ಸಾರ್, ಕಿಟೆಲ್ ಬಂದಿದ್ದು 1853ರಲ್ಲಿ, ನಿಘಂಟು ಬಂದಿದ್ದು 1894ರಲ್ಲಿ, 41 ವರ್ಷ, ನಿಮ್ಮ ಮಗಳ ಕೋರ್ಸ್ ಎರಡು ವರ್ಷದ್ದು ಅಂದೆ. ಆಮೇಲೆ ಅವ್ರು ಕಿಟೆಲ್ ಸುದ್ದಿ ಎತ್ತಿಲ್ಲ.

ಮೂರನೇ ಸೆಷನ್ನು. ನಮ್ಮಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಇನ್ನೂ ಸಂಜೆ ಆರು. ಅಳ್ತಾ ಹೇಳ್ತಿದಾಳೆ. ಬಾಸು ಒಂದು ಟೆಸ್ಟನ್ನ ಸೆಟ್ಟಿಂಗ್ ಬದಲಾಯಿಸಿ ಮತ್ತೆ ಮಾಡೋಕೆ ಹೇಳಿದ್ರು, ಗುರುವಾರದೊಳಗೆ. ವಿವರಿಸ್ತಾ ಮಧ್ಯೆ ಮಧ್ಯೆ ಆಲ್ಲೆಸ್ ಕ್ಲಾರ್? ಅಂತ ಕೇಳ್ತಿದ್ರು, ಅಂದ್ರೆ ಎಲ್ಲ ಕ್ಲಿಯರ್ರಾ ಅಂತ. ಇವಳು ಯಾ ಯಾ ಅಂದಿದಾಳೆ. ಅರ್ಧ ತಲೆಗೆ ಹೋಗಿಲ್ಲ, ಹಳೇ ಸೆಟ್ಟಿಂಗಲ್ಲೇ ಮಾಡಿಟ್ಟಿದಾಳೆ. ಗುರುವಾರ ಎಲ್ಲರೆದುರು ಅವ್ರು "ದು ಹಾಸ್ಟ್ ದೊಖ್ ಯಾ ಗೆಸಾಗ್ಟ್" ಅಂದ್ರಂತೆ. ನೀನು ಹೂಂ ಅಂದಿದ್ಯಲ್ಲಾ ಅಂತ. ಆ ದೊಖ್ ಅನ್ನೋದು ನಮ್ಮ "ಅಂದಿದ್ಯಲ್ಲಾ"ದ "ಲ್ಲಾ" ಇದ್ದ ಹಾಗೆ, ಚುಚ್ಚೋದು ಅದೇ.

ಅವಳು ಹೇಳ್ತಾ ಇದಾಳೆ, ನಾನು ಹೂಂ, ಹೂಂ ಅಂತಿದೀನಿ. ನಿಜ ಹೇಳ್ಬೇಕಂದ್ರೆ ಅಡುಗೆಮನೇಲಿ ಕುಕ್ಕರ್ ಮೂರನೇ ವಿಶಲ್ ಕೂಗಿತ್ತು, ಕಿವಿ ಅತ್ತ ಹೋಗಿತ್ತು. ತಟ್ಟಂತ ಮಾತು ನಿಲ್ಸಿ ಕೇಳಿದ್ಲು.

"ಮೇಡಂ, ಹೂಂ ಅಂತಿದೀರಲ್ಲ, ನಿಮಗೆ ಅರ್ಥ ಆಯ್ತಾ, ಇಲ್ಲಾ ಸುಮ್ನೆ ಕೇಳಿಸ್ಕೊಂಡ್ರಾ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಹಾಗೆ ಹಿಡ್ದಿರ್ಲಿಲ್ಲ. ಕೇಳಿಸ್ಕೊಂಡೆ ಅಷ್ಟೇ, ಸೆಟ್ಟಿಂಗ್ ವಿಷ್ಯ ಅರ್ಥ ಆಗ್ಲಿಲ್ಲ, ಮತ್ತೆ ಹೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೂಗೊರೆಸ್ಕೊಂಡು "ನಾನೂ ಇದನ್ನೇ ಮಾಡಿದ್ದಲ್ವಾ" ಅಂದ್ಲು.

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ರೆ ಕಥೆ ನಿಂತೋಗ್ತಿತ್ತು. ಸ್ಕೂಲಲ್ಲಿ ಅರ್ಥ ಆಯ್ತಾ ಅಂದ್ರೆ ಇಡೀ ಕ್ಲಾಸು ಆಯ್ತು ಸಾರ್ ಅಂತಿತ್ತು, ಆಗ್ಲಿಲ್ಲ ಅಂದೋನು ದಡ್ಡ ಇಲ್ಲಾ ಅಧಿಕಪ್ರಸಂಗಿ. ನಮ್ಮ ಹೂಂ ಅಂದ್ರೆ ಮುಂದುವರಿಸಿ, ನಾನಿಲ್ಲೇ ಇದೀನಿ ಅಂತ. ಆ ಲ್ಯಾಬಲ್ಲಿ ಯಾ ಅಂದ್ರೆ ಕೆಲಸ ಒಪ್ಕೊಂಡೆ ಅಂತ. ಬಿ1 ಪರೀಕ್ಷೇಲಿ ಇದನ್ನ ಯಾರು ಕೇಳ್ತಾರೆ ಹೇಳಿ. ಇನ್ನೊಂದು ತಾಪತ್ರಯ ಏನಂದ್ರೆ, ಬಾಸಿಗೆ 50 ದಾಟಿದೆ, ಮೊದಲ ದಿನಾನೇ ನನಗೆ ದು ಅನ್ನು ಅಂದಿದ್ರು, ಅಂದ್ರೆ ನೀನು. ಇವಳಿಗೆ ಬಾಯೇ ಬರಲ್ಲ. ನಾವು ನೀನು-ನೀವು ಗೊತ್ತಾಗದಿದ್ದಾಗ "ಊಟ ಆಯ್ತಾ" ಅಂತ ಜಾರ್ಕೊಳ್ತೀವಲ್ಲ, ಜರ್ಮನ್ನಲ್ಲಿ ಅಷ್ಟು ಸುಲಭಕ್ಕೆ ಜಾರೋಕಾಗಲ್ಲ, ಹಾಗಾಗಿ ಅವ್ರನ್ನ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ಲು.

ಸಲಹೆ ಸಣ್ಣದು. ಒಂದು ವಾರ ಲ್ಯಾಬಲ್ಲಿ ಬರೀ ಯಾ ಅನ್ಬೇಡ. ಆಲ್ಲೆಸ್ ಕ್ಲಾರ್ ಅಂದ ತಕ್ಷಣ, ನಿನಗೆ ಅರ್ಥ ಆಗಿದ್ದನ್ನ ನಿನ್ನ ಮಾತಲ್ಲಿ ವಾಪಸ್ ಹೇಳು, ವ್ಯಾಕರಣ ತಪ್ಪಿದ್ರೂ ಪರವಾಗಿಲ್ಲ. ಮತ್ತೆ ಬಾಸ್ ಹತ್ರ ಒಬ್ಬಳೇ ಹೋಗಿ ನಮ್ಮ ಹೂಂ ಕಥೆ ಹೇಳು.

ಸಹೋದ್ಯೋಗಿ ಒಬ್ರು ಕೇಳಿದ್ರು, ತಪ್ಪೆಲ್ಲ ಹುಡುಗಿ ಮೇಲೇ ಹಾಕಿದ್ರಲ್ಲ, ಅಲ್ಲಿ ರೇಸಿಸಂ ಇಲ್ವಾ ಅಂತ. ಇದೆ ಸ್ವಾಮಿ. ಇದೇ ಹುಡುಗಿ ರೂಮ್ ಹುಡುಕುವಾಗ ಹೆಸರು ಕೇಳಿ ಮನೆ ಹೋಯ್ತು ಅಂದ್ರು, ಹತ್ತು ನಿಮಿಷ ಬಿಟ್ಟು ಜರ್ಮನ್ ಗೆಳತಿ ಫೋನ್ ಮಾಡಿದ್ರೆ ಬಂದು ನೋಡಿ ಅಂದ್ರು. ಅದಕ್ಕೆ ನಾನು ಹೊಂದ್ಕೋ ಅನ್ಲಿಲ್ಲ. ತಾರತಮ್ಯ ತಡೆಯೋ ಜರ್ಮನಿಯ 2006ರ ಕಾನೂನು ಬಾಡಿಗೆ ಮನೆಗೂ ಅನ್ವಯಿಸತ್ತೆ, ಎರಡೂ ಕಾಲ್‌ನ ಟೈಮ್ ಬರೆದಿಟ್ಕೊಂಡು ಅಲ್ಲಿನ ತಾರತಮ್ಯ ವಿರೋಧಿ ಸಲಹಾ ಕೇಂದ್ರಕ್ಕೆ ಹೋಗು ಅಂದೆ. ಈ ತಾರತಮ್ಯ, ಆ ಹೂಂ ಗೊಂದಲ, ಎರಡನ್ನೂ ಒಂದೇ ಗಂಟು ಕಟ್ಟಿ "ಇವ್ರಿಗೆ ನನ್ನ ಕಂಡ್ರೆ ಆಗಲ್ಲ" ಅಂತ ತಲೆ ಮೇಲೆ ಹೊತ್ಕೊಂಡ್ರೆ, ಹೋರಾಡಬೇಕಾದ್ದಕ್ಕೆ ಹೋರಾಡೋಕೆ ಶಕ್ತಿ ಇರಲ್ಲ, ಸರಿ ಮಾಡ್ಕೊಳ್ಳೋಕಾಗೋದೂ ಸರಿ ಹೋಗಲ್ಲ. ನನ್ನ ವಾದ ಇಷ್ಟೇ, ಒಪ್ಪದವ್ರು ಒಪ್ಪಬೇಡಿ.

ಬಾಸ್ ಹತ್ರ ಹೋಗೋಕೆ ಅವಳಿಗೆ ಒಂಬತ್ತು ದಿನ ಬೇಕಾಯ್ತು. ಅವ್ರೇನೂ ಕರಗಿ ನೀರಾಗ್ಲಿಲ್ಲ. ಮೊದ್ಲೇ ಹೇಳಿದ್ರೆ ಒಂದು ವಾರದ ಟೆಸ್ಟ್ ಉಳೀತಿತ್ತು ಅಂದ್ರಂತೆ. ಆಮೇಲೆ, ನಮ್ಮಲ್ಲೂ ಯೈನ್ ಅಂತ ಒಂದಿದೆ, ಯಾ ಮತ್ತೆ ನೈನ್, ಅಂದ್ರೆ ಹೌದು ಮತ್ತೆ ಇಲ್ಲ, ಸೇರಿಸಿದ್ದು, ಅರ್ಧಂಬರ್ಧ ಅರ್ಥ ಆದ್ರೆ ಅದನ್ನ ಹೇಳು ಅಂದ್ರಂತೆ. ಅವತ್ತು ರಾತ್ರಿ ಅವಳ ಮೆಸೇಜಲ್ಲಿ ಆ ಪದ ಮೂರು ಸಲ ಇತ್ತು.

ಹೋದ ವಾರ ಅವಳಮ್ಮ ಫೋನ್ ಮಾಡಿದ್ರು. "ಏನ್ ಕಲ್ಸಿದೀರಾ ಮೇಡಂ ಅವಳಿಗೆ, ಫೋನಲ್ಲಿ ನಾನು ಏನ್ ಹೇಳಿದ್ರೂ ಹೂಂ ಅನ್ನಲ್ಲ, 'ಅಂದ್ರೆ ನೀನು ಹೇಳ್ತಿರೋದು ಹಿಂಗಾ' ಅಂತ ಲಾಯರ್ ಥರ ಕೇಳ್ತಾಳೆ." ಹುಡುಗಿಗೆ ಹೇಳ್ದೆ, ಅಮ್ಮನ ಹತ್ರ ಹೂಂ ಅನ್ನಮ್ಮಾ.

"ಅರ್ಥ ಆಗ್ದೆ ಹೂಂ ಅಂದ್ರೆ ಸುಳ್ಳಾಗಲ್ವಾ ಮೇಡಂ?"

ಅವ್ರು ಕೇಳ್ತಿರೋದು ನೀನು ಲೈನಲ್ಲಿದೀಯಾ ಅಂತ ಅಷ್ಟೇ, ಅಂದೆ.