ಕಪ್ಪೆಯ ಫೋಟೊಗೂ ಬಾವಿಯ ನೀರಿಗೂ ಏನು ಸಂಬಂಧ?

ಹೊಸನಗರ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ:

"ಕಳೆದ ಸಂಚಿಕೆಯಲ್ಲಿ ಜಲ ಸಂರಕ್ಷಣೆಯ ಇಂಜಿನಿಯರ್ ಒಬ್ಬರ ನೆನಪಿಗೆ ಅಂತ ಅಷ್ಟು ಪುಟ ಕೊಟ್ಟಿದ್ದೀರಿ. ಇಂಗುಗುಂಡಿಯ ಅಳತೆ ಸಿಗಬಹುದು ಎಂಬ ಆಸೆಯಿಂದ ಓದಿದೆ. ಸಿಕ್ಕಿದ್ದು ಕಪ್ಪೆ, ಏಡಿ ಬಿಲ, ಒಂದೇ ಹಳ್ಳದ ನಾಲ್ಕು ಫೋಟೊ. ನಾಲ್ಕೂ ಒಂದೇ ತರ. ಹವ್ಯಾಸ ಬೇರೆ, ಕೆಲಸ ಬೇರೆ ಅಲ್ವಾ? ಅದಿರಲಿ, ಇಷ್ಟು ಮಳೆ ಬೀಳುವ ಮಲೆನಾಡಿಗೆ ನೀರಿಂಗಿಸುವ ಈ ಫ್ಯಾಷನ್ ಯಾಕೆ ಬಂತೋ ಗೊತ್ತಿಲ್ಲ. ಹಾಗಂತ ನಮ್ಮ ಬಾವಿಯೂ ಈಗ ಏಪ್ರಿಲ್‌ಗೆಲ್ಲ ತಳ ಕಾಣುತ್ತಿದೆ. ಮನೆ ಹಿಂದಿನ ಗುಡ್ಡಕ್ಕೆ ಜೆಸಿಬಿ ತರಿಸಿ ಗುಂಡಿ ಹೊಡೆಸೋಣ ಅಂತಿದ್ದೇನೆ. ಅಳತೆ ತಿಳಿಸಿ."

ಸಂಪಾದಕರ ಉತ್ತರ:

ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಜೆಸಿಬಿಯವರಿಗೆ ಮುಂಗಡ ಕೊಟ್ಟಿಲ್ಲ ಅಂತಾದರೆ ಸ್ವಲ್ಪ ತಡೆಯಿರಿ. ಗುಡ್ಡ ಎಷ್ಟು ಕಡಿದು, ಒಳಗಿನ ಮಣ್ಣು ಎಂಥದ್ದು, ಬುಡದಲ್ಲಿ ಮನೆ, ಕೊಟ್ಟಿಗೆ ಏನಿದೆ ಎಂದು ನೋಡದೆ ಅಳತೆ ಹೇಳುವ ಧೈರ್ಯ ನಮಗಿಲ್ಲ. ಆ ಇಂಜಿನಿಯರಿಗೂ ಇರಲಿಲ್ಲ. ಅವರ ಹೆಸರನ್ನು ಲೇಖನದಲ್ಲೂ ಹಾಕಿರಲಿಲ್ಲ, ಇಲ್ಲೂ ಹಾಕುತ್ತಿಲ್ಲ. ಫೋಟೊ ಕೊಡುವಾಗ ಅವರು ಹಾಕಿದ್ದ ಷರತ್ತು ಅದೊಂದೇ.

ಇನ್ನು ಫ್ಯಾಷನ್ ವಿಷಯ. ನಮ್ಮದೇ ಶಿವಮೊಗ್ಗ ಜಿಲ್ಲೆಯನ್ನು ತೆಗೆದುಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿಕಾರಿಪುರದಲ್ಲಿ ಅದರ ಐದನೇ ಒಂದು ಪಾಲೂ ಇಲ್ಲ. ಅಲ್ಲಿಯವರು ಕೆರೆ ಕಟ್ಟಿಕೊಂಡದ್ದು ಇವತ್ತು ನಿನ್ನೆ ಅಲ್ಲ. ಅದೇ ತಾಲೂಕಿನ ತಾಳಗುಂದದ ಕಂಬದ ಶಾಸನ ಐದನೇ ಶತಮಾನದ್ದು. ಕದಂಬರ ಕಾಕುಸ್ಥವರ್ಮ ದೇವಾಲಯಕ್ಕೆ ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. ಮೇಲಿನ ಮಲೆನಾಡಿನವರು ಅಷ್ಟು ದೊಡ್ಡ ಕೆರೆಗಳಿಗೆ ಹೋಗಲಿಲ್ಲ. ಮದಗ ಮಾಡಿದರು, ಹಳ್ಳಕ್ಕೆ ಕಟ್ಟ ಹಾಕಿದರು, ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಯಂಗಳಕ್ಕೆ ತಂದರು. ಮುಖ್ಯವಾಗಿ ಕಾನು, ಅಂದರೆ ಊರ ಪಕ್ಕದ ನಿತ್ಯಹರಿದ್ವರ್ಣದ ಕಾಡು, ಉಳಿಸಿಕೊಂಡರು. ಸೊರಬ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಕಾನುಗಳಿದ್ದವು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲೇ ಆ ಕಾನುಗಳ ಮೇಲೆ ವರದಿ ಬರೆದಿದ್ದಾರೆ.

ಮಳೆ ಇಷ್ಟಿದ್ದೂ ಬಾವಿ ಬತ್ತುವುದು ಯಾಕೆ? ಒಂದು ಸಣ್ಣ ಲೆಕ್ಕ ಹಾಕೋಣ. ವರ್ಷಕ್ಕೆ 3,000 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ಒಂದು ಎಕರೆಯ ಮೇಲೆ ಸುಮಾರು 1.2 ಕೋಟಿ ಲೀಟರ್ ನೀರು ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ನಮ್ಮ ಗುಡ್ಡಗಳ ಜಂಬಿಟ್ಟಿಗೆ ಕಲ್ಲಿನಲ್ಲಿ ತೂತುಗಳು ಜಾಸ್ತಿ. ನೀರು ಸರಾಗವಾಗಿ ಕೆಳಗಿಳಿಯುತ್ತದೆ. ಅದರ ಅಡಿಯಲ್ಲಿ ಹಲವು ಕಡೆ ಶೇಡಿ ಮಣ್ಣು. ನುಣ್ಣಗಿನ, ಜಿಗುಟಾದ ಈ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಅದರ ಮೇಲೆ ಅಡ್ಡಡ್ಡ ಹರಿದು, ಗುಡ್ಡದ ಬುಡದಲ್ಲಿ ಜಲವಾಗಿ, ಅಂದರೆ ಒರತೆಯಾಗಿ, ಒಡೆಯುತ್ತದೆ. ನಿಮ್ಮ ಬಾವಿಗೆ ಬರುವುದೂ ಬಹುಶಃ ಇದೇ ನೀರು. ಅಂದರೆ ಇಂಗುವುದು ನಮ್ಮಲ್ಲಿ ಅಂಥ ಕಷ್ಟದ ವಿಷಯವೇ ಅಲ್ಲ. ಇಂಗಿದ್ದು ಬೇಸಿಗೆಯವರೆಗೆ ಒಳಗೇ ನಿಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ.

ನಿಮ್ಮ ಗುಡ್ಡದ ಬಗ್ಗೆ ಹೆದರಿಕೆ ಹುಟ್ಟುವುದೂ ಈ ಶೇಡಿ ಮಣ್ಣಿನಿಂದಲೇ. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಸಾಲಾಗಿ ಗುಂಡಿ ಹೊಡೆದು, ಜುಲೈ ಮಳೆಯನ್ನೆಲ್ಲ ಅದರೊಳಗೆ ತುಂಬಿಸಿದರೆ ನೀರು ಶೇಡಿಯ ಮೇಲೆ ಬಂದು ಕೂರುತ್ತದೆ. ಮೇಲಿನ ಮಣ್ಣು ನೆನೆದು ಭಾರವಾಗುತ್ತದೆ, ಕೆಳಗೆ ಹಿಡಿತ ತಪ್ಪುತ್ತದೆ. ಆಮೇಲೆ ಧರೆ ಜರಿದಾಗ ಮಳೆಯನ್ನು ಬೈದು ಏನೂ ಪ್ರಯೋಜನವಿಲ್ಲ. ಬಯಲುಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಗುಂಡಿಯ ಅಳತೆಯನ್ನು ಹಾಗೇ ಎತ್ತಿಕೊಂಡು ಬಂದು ಮಲೆನಾಡಿನ ಗುಡ್ಡಕ್ಕೆ ಹಾಕುವುದನ್ನು ನಮ್ಮ ಇಂಜಿನಿಯರ್ ಕಟುವಾಗಿಯೇ ಟೀಕಿಸುತ್ತಿದ್ದರು. ಹಾಗೆ ಟೀಕಿಸಿದ್ದಕ್ಕೆ ಕೆಲವು ಕಡೆ ಅವರನ್ನು ಸಭೆಗಳಿಗೆ ಕರೆಯುವುದನ್ನೇ ನಿಲ್ಲಿಸಿದರು ಅನ್ನುವುದು ಬೇರೆ ಮಾತು.

ಈಗ ಏಡಿ ಬಿಲಕ್ಕೆ ಬರೋಣ. ಆ ಫೋಟೊ ಯಾಕೆ ಹಾಕಿದೆವು ಅನ್ನುವ ಬೇಸರ ನಿಮ್ಮದು. ಒಪ್ಪಿದೆ, ಚಂದದ ಚಿತ್ರವೇನಲ್ಲ. ನಾವು ಹಾಕಿದ್ದು ಬೇರೆ ಕಾರಣಕ್ಕೆ. ಕಾನಿನ ಮಣ್ಣಿನಲ್ಲಿ ಏಡಿ ತೋಡಿದ ಬಿಲ, ಕೊಳೆತ ಬೇರು ಬಿಟ್ಟುಹೋದ ಕೊಳವೆ, ಎರೆಹುಳದ ದಾರಿ, ಇವೆಲ್ಲ ಸೇರಿ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಮೇಲೆ ದರಗಿನ, ಅಂದರೆ ಉದುರಿದ ಒಣ ಎಲೆಯ, ಹೊದಿಕೆ ಇರುವುದರಿಂದ ಹನಿ ನೇರ ಮಣ್ಣಿಗೆ ಹೊಡೆಯುವುದಿಲ್ಲ. ಮಣ್ಣಿನ ತೂತು ಮುಚ್ಚುವುದಿಲ್ಲ. ಅದೇ ಜಾಗದಲ್ಲಿ ಜೆಸಿಬಿ ನಾಲ್ಕು ಸಲ ಓಡಾಡಿದರೆ ಮಣ್ಣು ಅದುಮಿ ಗಟ್ಟಿಯಾಗುತ್ತದೆ. ಗುಂಡಿ ತೋಡಲು ಹೋಗಿ, ಸುತ್ತಲಿನ ನೆಲ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿದಂತಾಯಿತು. ಆ ಫೋಟೊದ ಪಕ್ಕದ ಪುಟದಲ್ಲಿ ಯಂತ್ರ ಓಡಾಡಿದ ಗುಡ್ಡದ ಚಿತ್ರ ಇತ್ತು, ನೋಡಿದ್ದೀರಾ? ಒಂದೇ ದಿನ, ಒಂದೇ ಮಳೆಯಲ್ಲಿ ತೆಗೆದ ಜೋಡಿ ಅದು. ಒಂದರಲ್ಲಿ ನೆಲದ ಮೇಲೆ ನೀರೇ ಕಾಣುವುದಿಲ್ಲ. ಇನ್ನೊಂದರಲ್ಲಿ ಕೆಂಪು ನೀರು ಧಾರೆಯಾಗಿ ಇಳಿಯುತ್ತಿದೆ.

ಅಕೇಶಿಯಾ ವಿಚಾರವಾಗಿ ಆ ಇಂಜಿನಿಯರನ್ನು ಸಿಟ್ಟಿಗೆಬ್ಬಿಸುವುದು ಸುಲಭ ಅಂತ ಹಲವರು ತಿಳಿದಿದ್ದರು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದ ನೆಡುತೋಪುಗಳ ವಿರುದ್ಧ ನಮ್ಮ ಜಿಲ್ಲೆಯಲ್ಲಿ ದೊಡ್ಡ ಹೋರಾಟವೇ ನಡೆದಿದೆಯಲ್ಲ. ಆದರೆ "ಅಕೇಶಿಯಾ ನೀರು ಕುಡಿಯುತ್ತೆ" ಅಂತ ಯಾರಾದರೂ ಹೇಳಿದರೆ ಅವರು ಪಟ್ಟನೆ ತಲೆಯಾಡಿಸುತ್ತಿರಲಿಲ್ಲ. ಅದಕ್ಕೂ ಮೊದಲು ಅಲ್ಲಿ ಏನಿತ್ತು ಎಂದು ಕೇಳುತ್ತಿದ್ದರು. ಬೋಳು ಗುಡ್ಡವಾ, ಹುಲ್ಲಿನ ಬ್ಯಾಣವಾ, ಕಾನಾ? ಕಾನು ಕಡಿದು ಅಕೇಶಿಯಾ ಹಾಕಿದ್ದಕ್ಕೂ, ಮಣ್ಣು ಕೊಚ್ಚಿಹೋದ ಗುಡ್ಡಕ್ಕೆ ಹಾಕಿದ್ದಕ್ಕೂ ಒಂದೇ ಲೆಕ್ಕ ಸಲ್ಲದು. ಹಳೆಯ ಫೋಟೊ ಇದ್ದರೆ ತೋರಿಸಿ ಅನ್ನುತ್ತಿದ್ದರು. ಮದುವೆ ಆಲ್ಬಂನ ಹಿನ್ನೆಲೆಯಲ್ಲಿ ಕಂಡ ಗುಡ್ಡವೂ ಅವರಿಗೆ ಸಾಕ್ಷಿಯೇ.

ನಾಲ್ಕೂ ಒಂದೇ ತರ ಎಂದು ನೀವು ಬೇಸರಪಟ್ಟ ಆ ಹಳ್ಳದ ಫೋಟೊಗಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಕಾಲುಸಂಕದ ಒಂದೇ ಗೂಟದ ಪಕ್ಕ ನಿಂತು, ಅದೇ ಲೆನ್ಸಿನಲ್ಲಿ, ಅದೇ ಕಲ್ಲನ್ನು ಚೌಕಟ್ಟಿನ ಮೂಲೆಗೆ ತಂದು, ನವೆಂಬರ್‌ನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದು ತೆಗೆದದ್ದು. ನಡುವೆ ಒಂದು ಹಲಗೆ ಅಡ್ಡ ಇದೆ, ಅದರಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೊರೆದ ಕಚ್ಚು. ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ. ಇದು ಹರಿವು ಅಳೆಯುವ ಹಳೆಯ, ಅಗ್ಗದ ಉಪಾಯ. ಕಚ್ಚು 90 ಡಿಗ್ರಿ ಇದ್ದು, ನೀರು ಅದರ ಕೆಳತುದಿಯಿಂದ 10 ಸೆಂ.ಮೀ. ಎತ್ತರದಲ್ಲಿ ಹರಿಯುತ್ತಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹೋಗುತ್ತಿದೆ ಎಂದರ್ಥ. 5 ಸೆಂ.ಮೀ.ಗೆ ಇಳಿದರೆ? ಅರ್ಧ ಅಂದುಕೊಳ್ಳುತ್ತೇವೆ. ನಿಜವಾಗಿ 0.8 ಲೀಟರ್ ಕೂಡ ಇಲ್ಲ. ಐದನೇ ಒಂದು ಪಾಲಿಗಿಂತ ಕಡಿಮೆ! ಬರಿಗಣ್ಣಿಗೆ "ಒಂಚೂರು ಇಳಿದಿದೆ" ಅಂತ ಕಾಣುವ ಹಳ್ಳ ಅಷ್ಟರಲ್ಲಿ ಬಹುಪಾಲು ನೀರನ್ನು ಕಳೆದುಕೊಂಡಿರುತ್ತದೆ. ಒಂದೇ ತರ ಕಾಣುವ ಫೋಟೊ ಇಟ್ಟುಕೊಂಡು ಅವರು ಊರಿನವರ ಜೊತೆ ಮಾತಾಡುತ್ತಿದ್ದದ್ದೇ ಇದನ್ನು. ಕೋಷ್ಟಕ ತೋರಿಸಿದರೆ ಆಕಳಿಸುವ ಜನ ಫೋಟೊ ತೋರಿಸಿದರೆ ಜಗಳಕ್ಕೇ ನಿಲ್ಲುತ್ತಿದ್ದರು. ಮೇಲಿನ ತೋಟದವರು ಪೈಪ್ ಹಾಕಿದ್ದು ಯಾವ ತಿಂಗಳು ಎಂಬುದು ಆ ಜಗಳದಲ್ಲೇ ಹೊರಬೀಳುತ್ತಿತ್ತು.

ಹೀಗಿರುವಾಗ ಹವ್ಯಾಸ ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ನನಗಂತೂ ಆಗುವುದಿಲ್ಲ.

ಜಲಪಾತದ ನೀರನ್ನು ಹಾಲಿನಂತೆ ತೋರಿಸುವ ಫೋಟೊಗಳಿರುತ್ತವಲ್ಲ, ಶಟರ್ ಸೆಕೆಂಡುಗಟ್ಟಲೆ ತೆರೆದಿಟ್ಟು ತೆಗೆದವು. ಅವು ಅವರಿಗೆ ಹಿಡಿಸುತ್ತಿರಲಿಲ್ಲ. ನೀರು ಬಿಳಿ ರೇಷ್ಮೆಯಾದರೆ ಅದರೊಳಗೆ ಮಣ್ಣಿತ್ತೋ ಇಲ್ಲವೋ ತಿಳಿಯುವುದಿಲ್ಲ, ಹರಿವಿನ ಜೋರೂ ತಿಳಿಯುವುದಿಲ್ಲ. ಜೋಗದ ಅಂಥ ಚಿತ್ರವೊಂದನ್ನು ನಾವು ಮುಖಪುಟಕ್ಕೆ ಹಾಕಿದಾಗ ಫೋನ್ ಮಾಡಿ ಅರ್ಧ ಗಂಟೆ ವಾದಿಸಿದ್ದರು. ಈ ವಿಷಯದಲ್ಲಿ ನಾನು ಅವರ ಪಕ್ಷದವನಲ್ಲ. ಜೋಗ ಚಂದ ಕಂಡರೆ ತಪ್ಪೇನಿಲ್ಲ ಅನ್ನುವವನು ನಾನು.

ಕಪ್ಪೆ. ನೀವು ಕೇಳಿದ ಮುಖ್ಯ ಪ್ರಶ್ನೆ ಇದೇ ಅಲ್ವಾ? ಫೋಟೊದಲ್ಲಿ ಇದ್ದದ್ದು ಕುಂಬಾರ ಕಪ್ಪೆ. ಶರಾವತಿ ಕಣಿವೆಯ ಆಸುಪಾಸಿನ ಕಾಡಿನ ಹಳ್ಳಗಳಲ್ಲಿ ಇರುವಂಥದ್ದು. ಪ್ರತ್ಯೇಕ ಜಾತಿ ಅಂತ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 2014ರಲ್ಲಿ. ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿರುತ್ತದೆ. ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲಿನಿಂದ ಹಳ್ಳದ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಮರಿ ಹೊರಬಂದರೆ ಕೆಳಗಿನ ನೀರಿಗೇ ಬೀಳಬೇಕು. ಗೊದಮೊಟ್ಟೆ ಬೆಳೆದು ಕಪ್ಪೆಯಾಗುವವರೆಗೆ ಹಳ್ಳ ಹರಿಯುತ್ತಲೇ ಇರಬೇಕು. ಕಾಡಿನ ನೆರಳು, ತಿಳಿಯಾದ ತೆಳುವಾದ ಹರಿವು, ಮೆತ್ತಲು ಹದವಾದ ಕೆಸರು ಇಲ್ಲದ ಕಡೆ ಇದರ ಸಂಸಾರ ನಡೆಯುವುದಿಲ್ಲ. ಉಂಬಳ ಕಚ್ಚಿಸಿಕೊಂಡು ರಾತ್ರಿಯೆಲ್ಲ ಹಳ್ಳದಲ್ಲಿ ಕೂತು ಇಂಜಿನಿಯರ್ ಗುರುತು ಹಾಕಿಕೊಳ್ಳುತ್ತಿದ್ದದ್ದು ಇಂಥ ಜಾಗಗಳನ್ನೇ. ಯಾಕೆಂದರೆ ಅಲ್ಲಿ ಯಾವ ಕಾಮಗಾರಿಯೂ ಬೇಡ. ಅವರ ನಕ್ಷೆಯಲ್ಲಿ ಕಪ್ಪೆಯ ಗುರುತು ಇದ್ದ ಕಡೆ ಸಿಮೆಂಟ್ ಒಡ್ಡು ಇಲ್ಲ, ಗುಂಡಿ ಇಲ್ಲ, ಸುಮ್ನೆ ಬಿಡಬೇಕು. ಖರ್ಚಿಲ್ಲದ ಯೋಜನೆಗೆ ಯಾರು ಸಹಿ ಹಾಕುತ್ತಾರೆ ಹೇಳಿ.

ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳ ಚಿತ್ರ ದೂರದಿಂದ ತೆಗೆದದ್ದು, ಸಣ್ಣದಾಗಿ ಕಾಣುತ್ತದೆ ಎಂದು ಇನ್ನೊಬ್ಬ ಓದುಗರು ಬರೆದಿದ್ದರು. ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ನಡುಗಡ್ಡೆಗಳು ಮೇಲೇಳುತ್ತವೆ. ಈ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹಾಗಾಗಿ ನಮ್ಮ ಇಂಜಿನಿಯರ್ ಹತ್ತಿರ ಹೋಗಲಿಲ್ಲ. ಅಣೆಕಟ್ಟೆಯ ನೀರಿನ ಮಟ್ಟ ದಿನಕ್ಕೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಅವರ ಬಾಯಲ್ಲೇ ಇತ್ತು. ಯಾವ ನಡುಗಡ್ಡೆ ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ಅಂದಾಜು ಮಾಡಿ ದಡದಲ್ಲಿ ಮೊದಲೇ ಜಾಗ ಹಿಡಿದಿರುತ್ತಿದ್ದರು.

ಸರಿ, ನಿಮ್ಮ ಬಾವಿಗೆ ಏನು ಮಾಡುವುದು? ಗುಡ್ಡ ಬಿಡಿ, ಹಳ್ಳ ನೋಡಿ. ಮಳೆ ಹಿಂದೆ ಸರಿದು ಹರಿವು ಸಣ್ಣಗಾಗುವ ಹೊತ್ತಿಗೆ, ಅಂದರೆ ನವೆಂಬರ್ ಸುಮಾರಿಗೆ, ಬಾವಿಗಿಂತ ತುಸು ಮೇಲೆ ಹಳ್ಳಕ್ಕೊಂದು ಕಟ್ಟ ಹಾಕಿ. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ತುಂಡು ಸಾಕು. ಮಣ್ಣು ಸಿಗದಿದ್ದರೆ ಮರಳಿನ ಚೀಲ. ನಿಂತ ನೀರು ಪಕ್ಕದ ನೆಲಕ್ಕೆ ಒತ್ತಿಕೊಂಡು ಬಾವಿಯ ಮಟ್ಟವನ್ನು ಹಿಡಿದಿಡುತ್ತದೆ. ಕೆಳಗಿನ ಮನೆಯವರನ್ನು ಕೇಳಿಯೇ ಕಟ್ಟಿ, ನೀರು ಮೇಲಿಂದ ಹೊರಳಿ ಹೋಗಲು ದಾರಿ ಬಿಡಿ, ಮಳೆಗಾಲಕ್ಕೆ ಮುಂಚೆ ಬಿಚ್ಚಿ. ಬಾವಿಯ ಮೇಲ್ಭಾಗದ ಸೊಪ್ಪಿನಬೆಟ್ಟದಲ್ಲಿ ದರಗು ಗುಡಿಸುವುದನ್ನು ಕಡಿಮೆ ಮಾಡಿ. ತೋಟಕ್ಕೆ, ಕೊಟ್ಟಿಗೆಗೆ ಬೇಕೇ ಬೇಕು, ಗೊತ್ತು. ಆದರೂ ಒಂದು ಪಟ್ಟಿಯನ್ನಾದರೂ ಮುಟ್ಟದೆ ಬಿಡಿ. ಮಾಡಿನ ನೀರನ್ನು ಬಾವಿಗೆ ಬಿಡುವ ಯೋಚನೆ ಇದ್ದರೆ ಶೋಧಿಸಿ ಬಿಡಬಹುದು. ಆದರೆ ಜುಲೈಯಲ್ಲಿ ಹೇಗೂ ತುಂಬಿರುವ ಬಾವಿಗೆ ಅದರಿಂದ ದೊಡ್ಡ ಲಾಭವಿಲ್ಲ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆ ಹಿಡಿದರೆ ಉಪಯೋಗ ಜಾಸ್ತಿ.

ಇಷ್ಟಾದ ಮೇಲೂ ಗುಡ್ಡದಲ್ಲಿ ಗುಂಡಿ ಬೇಕೇ ಅನ್ನಿಸಿದರೆ, ಮೊದಲು ಮಣ್ಣು ಬಲ್ಲವರನ್ನು ಕರೆತಂದು ತೋರಿಸಿ. ಗುಡ್ಡದ ಬುಡದಿಂದ, ಬಾವಿಯ ಕಟ್ಟೆಯಿಂದ, ಹಳ್ಳದ ಎರಡು ಕಡೆಯಿಂದ ಫೋಟೊ ತೆಗೆದು ನಮಗೂ ಕಳಿಸಿ. ಪರಿಚಯದ ಜಲತಜ್ಞರಿಗೆ ತೋರಿಸಿ ಅವರ ಉತ್ತರವನ್ನು ಪ್ರಕಟಿಸುತ್ತೇವೆ. ಒಂದೇ ವಿನಂತಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಕಳಿಸಿದಂತೆ ಕಳಿಸಬೇಡಿ. ತೆಗೆದ ದಿನ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಫೈಲನ್ನೇ ಇಮೇಲ್ ಮಾಡಿ, ಚೌಕಟ್ಟಿನಲ್ಲಿ ಒಂದು ಅಡಿಪಟ್ಟಿ ಇರಲಿ.