ಶಿಪ್ಪಿಂಗ್ ಬಿಬಿಎಗೆ ಯಾವ ಕಾಲೇಜು? ಫೀಸು ಕಟ್ಟುವ ಮುಂಚೆ ನೋಡಬೇಕಾದದ್ದು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ಕುಮಟಾದವರು, ದ್ವಿತೀಯ ಪಿಯು ಕಾಮರ್ಸ್ ಮುಗಿದಿದೆ, ಶಿಪ್ಪಿಂಗ್-ಲಾಜಿಸ್ಟಿಕ್ಸ್‌ನಲ್ಲಿ ಬಿಬಿಎ ಮಾಡುವ ಆಸೆ ಇದೆ. ಚೆನ್ನೈನ ಇಂಡಿಯನ್ ಮೆರಿಟೈಮ್ ಯೂನಿವರ್ಸಿಟಿ (ಐಎಂಯು), ಅಲ್ಲೇ ಇರುವ ಅಮೆಟ್ ವಿಶ್ವವಿದ್ಯಾಲಯ, ಮನೆಗೆ ಹತ್ತಿರವಾಗುವ ಮಂಗಳೂರಿನ ಯಾವುದಾದರೂ ಕಾಲೇಜು, ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಶಿಪ್ಪಿಂಗ್ ಏಜೆನ್ಸಿಯೊಂದರ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನಕ್ಕೂ ಕೂರುತ್ತೇನೆ. ಅಲ್ಲಿ ಕಂಡದ್ದರ ಮೇಲೆ ಹೇಳುತ್ತೇನೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಈ ಬಿಬಿಎ ಮಾಡಿದವರು ಹಡಗಿನ ಅಧಿಕಾರಿಯಾಗುವುದಿಲ್ಲ. ಅದಕ್ಕೆ ನಾಟಿಕಲ್ ಸೈನ್ಸ್ ಅಥವಾ ಮರೀನ್ ಎಂಜಿನಿಯರಿಂಗ್ ಓದಬೇಕು, ಪಿಯುವಿನಲ್ಲಿ ಪಿಸಿಎಂ ಇರಬೇಕು, ಸಂಸ್ಥೆಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಒಪ್ಪಿಗೆ ಇರಬೇಕು. 'ಬಿಬಿಎ ಜೊತೆಗೆ ಸಿಡಿಸಿ (ನಾವಿಕರ ಸೇವಾ ದಾಖಲೆ ಪುಸ್ತಕ) ಮಾಡಿಸಿ ಹಡಗು ಹತ್ತಿಸುತ್ತೇವೆ' ಎನ್ನುವ ಏಜೆಂಟರ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಿಬಿಎ ಇರುವುದು ದಡದ ಮೇಲಿನ ಕೆಲಸಗಳಿಗೆ: ಹಡಗಿನ ಏಜೆನ್ಸಿ, ಫ್ರೈಟ್ ಫಾರ್ವರ್ಡಿಂಗ್ (ಸರಕು ಸಾಗಣೆ ಏರ್ಪಡಿಸುವುದು), ಕಸ್ಟಮ್ಸ್ ಕ್ಲಿಯರೆನ್ಸ್, ಚಾರ್ಟರಿಂಗ್ (ಹಡಗು ಬಾಡಿಗೆಗೆ ಗೊತ್ತುಮಾಡುವುದು), ಬಂದರಿನ ಆಡಳಿತ, ಮರೀನ್ ಇನ್ಶೂರೆನ್ಸ್. ಇವೂ ಒಳ್ಳೆಯ ಕೆಲಸಗಳೇ. ನಾನು ಇಷ್ಟಪಟ್ಟು ಮಾಡುತ್ತಿರುವ ಕೆಲಸವೂ ಇದೇ.

ಮಾನ್ಯತೆಯ ಮಾತು ಬೇಗ ಮುಗಿಸುತ್ತೇನೆ. ಪದವಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿ ಇರಲೇಬೇಕು. 2024-25ರಿಂದ ಬಿಬಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಹಾಗಾಗಿ ಖಾಸಗಿ ಸಂಯೋಜಿತ ಕಾಲೇಜಾದರೆ ಆ ಅನುಮೋದನೆಯ ಪತ್ರವನ್ನೂ ಕೇಳಿ ನೋಡಿ. ಐಎಂಯು ಸಂಸತ್ತಿನ ಕಾಯ್ದೆಯಿಂದ 2008ರಲ್ಲಿ ಆದ ಕೇಂದ್ರೀಯ ವಿಶ್ವವಿದ್ಯಾಲಯ, ಅಮೆಟ್ ಡೀಮ್ಡ್ ವಿಶ್ವವಿದ್ಯಾಲಯ. ಈ ಎರಡರ ಮಾನ್ಯತೆಯ ಬಗ್ಗೆ ನಿಮಗೆ ಚಿಂತೆ ಬೇಡ.

ನಿಜವಾಗಿ ನೋಡಬೇಕಾದದ್ದು ಸಿಲಬಸ್ ಮತ್ತು ಅದನ್ನು ಕಲಿಸುವವರನ್ನು. ಸಂದರ್ಶನಕ್ಕೆ ಬಂದವರ ಮುಂದೆ ನಾನು ಒಂದು ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಹಕ್ಕುಪತ್ರ, ಇಡುತ್ತೇನೆ. ಇದರಲ್ಲಿ ಶಿಪ್ಪರ್ (ಸರಕು ಕಳಿಸುವವರು) ಯಾರು, ಕನ್ಸೈನಿ (ಪಡೆಯುವವರು) ಜಾಗದಲ್ಲಿ 'ಟು ಆರ್ಡರ್' ಅಂತ ಇದೆಯಲ್ಲ, ಹಾಗಾದರೆ ಸರಕನ್ನು ಯಾರಿಗೆ ಬಿಟ್ಟುಕೊಡಬೇಕು, ಒರಿಜಿನಲ್ ಕೈಗೆ ಬಾರದೆ ಡೆಲಿವರಿ ಆರ್ಡರ್ (ಸರಕು ಬಿಡುವ ಅಪ್ಪಣೆ) ಕೊಟ್ಟರೆ ಏನಾಗುತ್ತದೆ ಎಂದು ಕೇಳುತ್ತೇನೆ. ಲಾಜಿಸ್ಟಿಕ್ಸ್‌ನಲ್ಲೇ ಮೂರು ವರ್ಷ ಓದಿ, ಒಳ್ಳೆಯ ಅಂಕ ತೆಗೆದು ಬಂದವರು ಇಲ್ಲಿ ತಡವರಿಸುತ್ತಾರೆ. ತಪ್ಪು ಅವರದಲ್ಲ. ಅವರಿಗೆ ಸಪ್ಲೈ ಚೈನಿನ ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿಸಿರುತ್ತಾರೆ, ಕಾಗದವನ್ನು ಕೈಗೆ ಕೊಟ್ಟಿರುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಪಣಂಬೂರಿನದೇ. ಜೂನ್ ತಿಂಗಳಲ್ಲಿ ನವಮಂಗಳೂರು ಬಂದರಿಗೆ ರಸಗೊಬ್ಬರದ ಹಡಗು ಬಂತು ಅಂದುಕೊಳ್ಳಿ. ಬಾಡಿಗೆ ಕರಾರಿನಲ್ಲಿ, ಅಂದರೆ ಚಾರ್ಟರ್ ಪಾರ್ಟಿಯಲ್ಲಿ, ಇಳಿಸಲು 4 ದಿನ ಕೊಟ್ಟಿದ್ದಾರೆ. ಇಳಿಸಿ ಮುಗಿಯಲು 7 ದಿನ ಹಿಡಿಯಿತು. ಹೆಚ್ಚಾದ 3 ದಿನಕ್ಕೆ ದಿನಕ್ಕೆ 15,000 ಡಾಲರಿನಂತೆ 45,000 ಡಾಲರ್ ಡೆಮರೇಜ್ (ತಡವಾದ ದಿನಗಳ ಪರಿಹಾರ) ಕಟ್ಟಬೇಕೇ? ಮಳೆ ಬಂದಾಗ ಹ್ಯಾಚ್ (ಸರಕು ಕೋಣೆಯ ಬಾಗಿಲು) ಮುಚ್ಚಿ ಕೆಲಸ ನಿಲ್ಲಿಸುತ್ತಾರೆ. ಕರಾರಿನಲ್ಲಿ 'ವೆದರ್ ವರ್ಕಿಂಗ್ ಡೇಸ್' ಎಂದಿದ್ದರೆ ಆ ಹೊತ್ತು ಇಳಿಸಲು ಕೊಟ್ಟ 4 ದಿನದ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಬರೆದಿಲ್ಲದಿದ್ದರೆ ಹೆಚ್ಚಾಗಿ ಬರುತ್ತದೆ. ಭಾನುವಾರ ಸೇರಿದೆಯೇ, ಕ್ಯಾಪ್ಟನ್ 'ಹಡಗು ಸಿದ್ಧ' ಎಂದು ನೋಟಿಸ್ ಕೊಟ್ಟದ್ದು ಯಾವಾಗ, ಮಳೆ ಶುರುವಾದ ಮತ್ತು ನಿಂತ ಗಂಟೆಗಳು ಹಡಗಿನ ಕೆಲಸದ ಸಮಯದ ದಾಖಲೆಯಾದ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಸರಿಯಾಗಿ ಬಿದ್ದಿವೆಯೇ ಎಂಬುದರ ಮೇಲೆ ಲಕ್ಷಾಂತರ ರೂಪಾಯಿ ಆಚೀಚೆ ಆಗುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಯ ಕೈಯಲ್ಲೇ ಮಾಡಿಸುವ ಕಾಲೇಜು ಸಿಕ್ಕರೆ ಕಣ್ಣು ಮುಚ್ಚಿ ಸೇರಿ. ಮಾಡಿಸಬಲ್ಲವರು ಒಮ್ಮೆಯಾದರೂ ಬಂದರಿನಲ್ಲೋ ಏಜೆನ್ಸಿಯಲ್ಲೋ ದುಡಿದ ಮೇಷ್ಟ್ರೇ. ಆದ್ದರಿಂದ ಅಧ್ಯಾಪಕರ ಪಟ್ಟಿ ತೆಗೆದು, ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಎಷ್ಟು ಮಂದಿ ಎಂದು ಎಣಿಸಿ.

ಸಿಲಬಸ್ ಜೀವಂತವಾಗಿದೆಯೇ ಎಂದು ತಿಳಿಯಲು ಈಗ ಸುಲಭದ ಉಪಾಯವೂ ಇದೆ. 2025ರಲ್ಲಿ ನಮ್ಮ ಮುಖ್ಯ ಹಡಗು ಕಾನೂನುಗಳು ಬದಲಾದವು. 1856ರ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ, 1925ರ ಸಮುದ್ರ ಸರಕು ಸಾಗಣೆ ಕಾಯ್ದೆ, 1958ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆ, 1908ರ ಬಂದರು ಕಾಯ್ದೆ, ಈ ನಾಲ್ಕರ ಜಾಗಕ್ಕೂ ಸಂಸತ್ತು ಹೊಸದನ್ನು ತಂದಿತು. ಕಾಲೇಜಿನ ಕಾನೂನು ಪತ್ರಿಕೆಯಲ್ಲಿ ಇನ್ನೂ ಹಳೆಯ ಇಸವಿಗಳೇ ಇದ್ದು ಹೊಸದರ ಸುಳಿವೇ ಇಲ್ಲದಿದ್ದರೆ, ಅದನ್ನು ಯಾರೂ ತಿದ್ದುತ್ತಿಲ್ಲ ಎಂದೇ ಅರ್ಥ.

ಈಗ ನೀವು ಹೇಳಿದ ಹೆಸರುಗಳಿಗೆ ಬರುತ್ತೇನೆ. ಐಎಂಯುವಿನ ಬಿಬಿಎ ಹೆಸರೇ 'ಲಾಜಿಸ್ಟಿಕ್ಸ್, ರೀಟೇಲಿಂಗ್ ಅಂಡ್ ಇ-ಕಾಮರ್ಸ್'. ಹೆಸರಿನ ಮೂರರಲ್ಲಿ ಎರಡು ಪಾಲು ಅಂಗಡಿ ವ್ಯಾಪಾರದ ಕಡೆಗಿದೆ, ಇದನ್ನು ತಿಳಿದೇ ಸೇರಿ. ಅಮೆಟ್‌ನ ಬಿಬಿಎಯಲ್ಲಿ ಶಿಪ್ಪಿಂಗ್ ಹೆಸರಿನಲ್ಲೇ ಇದೆ. ಎರಡೂ ಈಸ್ಟ್ ಕೋಸ್ಟ್ ರೋಡಿನಲ್ಲಿ, ಚೆನ್ನೈನ ದಕ್ಷಿಣಕ್ಕಿವೆ. ಕಸ್ಟಮ್ ಹೌಸ್ ಮತ್ತು ಬಂದರು ಇರುವುದು ರಾಜಾಜಿ ಸಾಲೈ ಕಡೆ, ಎಣ್ಣೂರು ಮತ್ತು ಕಾಟ್ಟುಪಳ್ಳಿ ಬಂದರುಗಳು ಇನ್ನೂ ಉತ್ತರಕ್ಕೆ. ಇಡೀ ನಗರ ದಾಟಿ ಇಂಟರ್ನ್‌ಶಿಪ್‌ಗೆ ಹೋಗಬೇಕು ಎಂಬುದು ಸಣ್ಣ ಮಾತಲ್ಲ. ಅದರ ವ್ಯವಸ್ಥೆಯನ್ನು ಕಾಲೇಜು ಮಾಡುತ್ತದೋ, ಪತ್ರ ಬರೆದುಕೊಟ್ಟು 'ನೀವೇ ಹುಡುಕಿಕೊಳ್ಳಿ' ಎನ್ನುತ್ತದೋ ಎಂದು ಸೀನಿಯರ್‌ಗಳ ಹತ್ತಿರ ಕೇಳಿ.

ನೀವು ಕೇಳದ ಒಂದು ಜಾಗವನ್ನು ನಾನು ಮುಂದೆ ಇಡುತ್ತೇನೆ: ಐಎಂಯುವಿನದೇ ಕೊಚ್ಚಿ ಕ್ಯಾಂಪಸ್. ಅದೇ ಬಿಬಿಎ ಅಲ್ಲೂ ಇದೆ. ಕ್ಯಾಂಪಸ್ ಇರುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಕೊಚ್ಚಿ ಬಂದರು ಮತ್ತು ಕಸ್ಟಮ್ ಹೌಸ್ ಅದೇ ದ್ವೀಪದಲ್ಲಿವೆ, ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ ಹತ್ತಿರದಲ್ಲೇ. ಕುಮಟಾದಿಂದ ಕೊಂಕಣ ರೈಲು ಹತ್ತಿದರೆ ಎರ್ನಾಕುಲಂ. 2025ರ ಮೇ 25ರಂದು 640 ಕಂಟೇನರ್ ಹೊತ್ತಿದ್ದ ಹಡಗು ಎಂಎಸ್‌ಸಿ ಎಲ್ಸಾ 3 ಮುಳುಗಿದ್ದು ಆ ಕರಾವಳಿಯಾಚೆಯೇ. ಕೇರಳ ಸರ್ಕಾರ ಪರಿಹಾರ ಕೇಳಿ ದಾವೆ ಹೂಡಿತು, ಹೈಕೋರ್ಟ್ ಎಂಎಸ್‌ಸಿ ಕಂಪನಿಯ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಲು ಆದೇಶಿಸಿತು. ವಿಮೆ, ಮಾಲೀಕನ ಹೊಣೆ, ಹಡಗಿನ ಅರೆಸ್ಟ್, ಪರಿಸರದ ನಷ್ಟ, ಇವೆಲ್ಲ ಒಂದೇ ಪ್ರಕರಣದಲ್ಲಿ ಕಣ್ಣೆದುರು ನಡೆದ ಊರಿನಲ್ಲಿ ಓದುವುದರಿಂದ ಸಿಗುವ ಲಾಭ ದೊಡ್ಡದು. ಸೀಟು ಸಿಕ್ಕರೆ ನನ್ನ ಮತ ಕೊಚ್ಚಿಗೆ.

ಸಿಗದಿದ್ದರೆ ಕಂಗಾಲಾಗಬೇಡಿ. ದುಬಾರಿ ಫೀಸಿನ, ಬೋರ್ಡಿನಲ್ಲಿ ಮಾತ್ರ 'ಮೆರಿಟೈಮ್' ಇರುವ ಕಾಲೇಜಿಗಿಂತ ಮಂಗಳೂರಿನಲ್ಲಿ ಒಳ್ಳೆಯ ಬಿಕಾಂ ಮಾಡುವುದು ಮೇಲು. ರಾಜ್ಯದ ಏಕೈಕ ಪ್ರಮುಖ ಬಂದರು ಪಕ್ಕದಲ್ಲೇ ಇದೆ. ಎಂಆರ್‌ಪಿಎಲ್‌ಗೆ ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲು, ಆಫ್ರಿಕದ ಕಚ್ಚಾ ಗೋಡಂಬಿ, ಹೊರಗೆ ಹೋಗುವ ಕಾಫಿ ಕಂಟೇನರ್, ಎಲ್ಲ ಬಗೆಯ ಸರಕೂ ಇಲ್ಲಿದೆ. ರಜೆಯಲ್ಲಿ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಕೂತು ಶಿಪ್ಪಿಂಗ್ ಬಿಲ್ (ರಫ್ತಿನ ಕಾಗದ), ಬಿಲ್ ಆಫ್ ಎಂಟ್ರಿ (ಆಮದಿನ ಕಾಗದ) ತುಂಬುವುದನ್ನು ಕಲಿಯಿರಿ. ಅಂಥ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎಚ್ ಕಾರ್ಡ್ (ಬ್ರೋಕರನ ನೌಕರರಿಗೆ ಕಸ್ಟಮ್ಸ್ ಗುರುತುಪತ್ರ), ಕಸ್ಟಮ್ಸ್ ನಡೆಸುವ ಪರೀಕ್ಷೆ ಪಾಸಾದರೆ ಜಿ ಕಾರ್ಡ್. ಈ ಜಿ ಕಾರ್ಡ್ ಇದ್ದವರನ್ನು ನಮ್ಮ ಕಡೆಯ ಆಫೀಸುಗಳು ಹುಡುಕಿಕೊಂಡು ಬರುತ್ತವೆ. ಆಮೇಲೆ ಐಎಂಯುವಿನಲ್ಲಿ ಪೋರ್ಟ್ ಅಂಡ್ ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಎಂಬಿಎ ಮಾಡಬಹುದು. ಚಾರ್ಟರಿಂಗ್ ಕಡೆ ಮನಸ್ಸಿದ್ದರೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಶಿಪ್‌ಬ್ರೋಕರ್ಸ್ ಪರೀಕ್ಷೆಗಳನ್ನು ಕೆಲಸ ಮಾಡುತ್ತಲೇ ಬರೆಯಿರಿ. 1911ರಿಂದ ಇರುವ ಸಂಸ್ಥೆ, ಅದರ ಸದಸ್ಯತ್ವಕ್ಕೆ ಎಲ್ಲ ಬಂದರುಗಳಲ್ಲೂ ಬೆಲೆ ಇದೆ. ಆದರೆ ಚಾರ್ಟರಿಂಗ್ ಕೆಲಸ ನಮ್ಮ ದೇಶದಲ್ಲಿ ಹೆಚ್ಚಾಗಿ ಮುಂಬೈಯಲ್ಲಿ. ಮುಂದೊಂದು ದಿನ ಅಲ್ಲಿಗೆ ಹೋಗಲು ಮನೆಯವರನ್ನು ಈಗಲೇ ಒಪ್ಪಿಸಿಡಿ.

ವಿದೇಶದ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಸಿಂಗಪುರ, ಇಂಗ್ಲೆಂಡಿನ ಪ್ಲಿಮತ್ ಕಡೆ ಒಳ್ಳೆಯ ಪದವಿಗಳಿವೆ, ಆದರೆ ಬಿಬಿಎ ಮಟ್ಟಕ್ಕೆ ಮನೆ ಅಡವಿಟ್ಟು ಸಾಲ ಮಾಡಬೇಡಿ. ಕೆಲವು ವರ್ಷ ದುಡಿದ ಮೇಲೆ ಸ್ವೀಡನ್ನಿನ ಮಾಲ್ಮೋದಲ್ಲಿರುವ ವರ್ಲ್ಡ್ ಮೆರಿಟೈಮ್ ಯೂನಿವರ್ಸಿಟಿಯಂಥ ಕಡೆ ಸ್ನಾತಕೋತ್ತರಕ್ಕೆ ಪ್ರಯತ್ನಿಸಿ. ಅನುಭವ ಇದ್ದವರಿಗೆ ಅಲ್ಲಿ ವಿದ್ಯಾರ್ಥಿವೇತನದ ದಾರಿಗಳೂ ಇವೆ.

ಪ್ಲೇಸ್‌ಮೆಂಟ್ ಅಂಕಿಗಳನ್ನು ತೋರಿಸಿದಾಗ ಕಂಪನಿಯ ಹೆಸರಿಗೆ ಮರುಳಾಗದೆ ಹುದ್ದೆಯ ಹೆಸರು ಕೇಳಿ. ದೊಡ್ಡ ಲೈನರ್ (ನಿಗದಿತ ಮಾರ್ಗದಲ್ಲಿ ಹಡಗು ಓಡಿಸುವ) ಕಂಪನಿಯ ಚೆನ್ನೈ ಕಚೇರಿಯಲ್ಲಿ ಡಾಕ್ಯುಮೆಂಟೇಷನ್ ಕೆಲಸ ಒಂದು, ಇ-ಕಾಮರ್ಸ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಣೆಯ ಮೇಲ್ವಿಚಾರಣೆ ಇನ್ನೊಂದು. ಕರಪತ್ರದಲ್ಲಿ ಎರಡನ್ನೂ ಲಾಜಿಸ್ಟಿಕ್ಸ್ ಎಂದೇ ಬರೆದಿರುತ್ತಾರೆ. ಹೋದ ವರ್ಷ ಪಾಸಾದವರಲ್ಲಿ ಇಬ್ಬರು ಮೂವರ ಜೊತೆ ನೀವೇ ಮಾತಾಡಿ. ಅವರ ಸಂಪರ್ಕ ಕೊಡಲು ಕಾಲೇಜು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಐಎಂಯು ಬಿಬಿಎ ಪ್ರವೇಶದ ನಿಯಮವನ್ನು ಈ ವರ್ಷದ ಪ್ರಕಟಣೆಯಲ್ಲೇ ಓದಿ, ಹಳೆಯ ವಿಡಿಯೊಗಳನ್ನು ನಂಬಬೇಡಿ. ನಿಮ್ಮ ಪಟ್ಟಿಯಲ್ಲಿರುವ ಮಂಗಳೂರಿನ ಕಾಲೇಜಿನ ಸಿಲಬಸ್ ಸಿಕ್ಕರೆ ಕಾಮೆಂಟಿನಲ್ಲಿ ಹಾಕಿ, ಪತ್ರಿಕೆಗಳನ್ನು ಒಂದೊಂದಾಗಿ ನೋಡಿ ನನಗೆ ತಿಳಿದಷ್ಟು ಹೇಳುತ್ತೇನೆ.