ಅಜ್ಜಿಯನ್ನು ದಾಟಿಹೋದ ತಟ್ಟೆ

ಪ್ರಿಯ ಸಹೋದರರೇ,

ಕರ್ತನಲ್ಲಿ ವಂದನೆಗಳು. ಬ್ಯಾಪ್ಟಿಸ್ಟ್ ಸಭೆಯ ಯುವಜನರು ದೇವಜ್ಞಾನ ಶಾಸ್ತ್ರ ಓದಬೇಕು, ಬರೆಯಬೇಕು ಎಂದು ಸಕಲೇಶಪುರದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಹನ್ನೊಂದು ಪುಟದಲ್ಲಿ ಒಂಬತ್ತು ಪುಟ ‘ಓದಬೇಕು, ಎಚ್ಚೆತ್ತುಕೊಳ್ಳಬೇಕು’ ಎಂಬುದರಲ್ಲೇ ಮುಗಿದಿದೆ. ಓದಿ ಎಂದರೆ ಯಾರು ಓದುತ್ತಾರೆ? ಓದಿದವರು ಒಂದು ಗಂಟು ಬಿಚ್ಚಿ ತೋರಿಸಿದರೆ ಪಕ್ಕದವರಿಗೂ ಆಸೆ ಹುಟ್ಟುತ್ತದೆ. ಶೂ ಹೊಲಿಯುತ್ತಿದ್ದ ನಮ್ಮ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ ಕಥೆ ಸಂಡೇಸ್ಕೂಲ್ ಮಕ್ಕಳಿಗೂ ಗೊತ್ತು. ಅದೇ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತಲ್ಲ, ಅದನ್ನು ಹೇಗೆ ಬಿಟ್ಟಿರಿ? ‘ದೈವಶಾಸ್ತ್ರೀಯ ಪರಿಪ್ರೇಕ್ಷ್ಯ’ದಂಥ ಮಾತುಗಳನ್ನೂ ತೆಗೆಯಿರಿ. ನಿಮ್ಮಜ್ಜಿಗೆ ಓದಿ ಹೇಳಲಾಗದ್ದು ನಮ್ಮ ಪತ್ರಿಕೆಗೆ ಬೇಡ.

ಅಜ್ಜಿ ಎಂದೆ. ಹತ್ತನೆಯ ಪುಟದಲ್ಲಿ ಅವರು ಮೂರೇ ಸಾಲು ಬರುತ್ತಾರೆ. ಯೇಸುವಿನ ನೆನಪಿಗೆ ಸಭೆಯವರು ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಹತ್ತಿರ ಬಂದಾಗ ಸೆರಗು ತಲೆಗೆಳೆದುಕೊಂಡು ಕೈ ಚಾಚಿದರು. ಹಿರಿಯರೊಬ್ಬರು ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದರು. ಅಜ್ಜಿ ಅದೇ ಕೈಯಿಂದ ಮಡಿಲಲ್ಲಿದ್ದ ಸತ್ಯವೇದವನ್ನು ಸರಿಮಾಡಿಕೊಂಡರು. ಕಾರಣ, ಅವರಿಗೆ ಕೂಸಾಗಿದ್ದಾಗ ಹಾಸನದಲ್ಲಿ ಬೇರೆ ಪಂಗಡದ ಸಭೆಯಲ್ಲಿ ತಲೆಗೆ ನೀರು ಹಾಕಿದ್ದು. ನಮ್ಮ ಹಾಗೆ ನೀರಿನಲ್ಲಿ ಮುಳುಗಿ ತೆಗೆದುಕೊಂಡ ದೀಕ್ಷಾಸ್ನಾನವಲ್ಲ. ಇಷ್ಟು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ನನಗೆ ಹೋಗಲಾಗಲಿಲ್ಲ.

ನೀವು ಹುಡುಕುತ್ತಿರುವ ದೇವಜ್ಞಾನ ಅಲ್ಲೇ ಇದೆ. ಪಾತ್ರೆ ಬೆಸೆಯುವ ಕಸುಬಿನ ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್ 12 ವರ್ಷ ಸೆರೆಯಲ್ಲಿದ್ದು ಬಂದು, 1673ರಲ್ಲಿ ಇದೇ ಪ್ರಶ್ನೆ ಎತ್ತಿಕೊಂಡರು. ದೀಕ್ಷಾಸ್ನಾನದ ನೀರಿನ ವಿಷಯದ ಭಿನ್ನಾಭಿಪ್ರಾಯ ಒಟ್ಟಿಗೆ ರೊಟ್ಟಿ ಮುರಿಯುವ ಅನ್ಯೋನ್ಯತೆಗೆ ಅಡ್ಡಿಯಾಗಬಾರದು ಎಂದರು. ರೋಮಾಪುರದವರಿಗೆ ಬರೆದ ಪತ್ರದ 14, 15ನೇ ಅಧ್ಯಾಯ ಅವರ ಆಧಾರ. ಲಂಡನ್ನಿನ ವ್ಯಾಪಾರಿ, ಬ್ಯಾಪ್ಟಿಸ್ಟ್ ಸಭಾಪಾಲಕ ವಿಲಿಯಂ ಕಿಫಿನ್ ಒಪ್ಪದೆ 1681ರಲ್ಲಿ ಪುಸ್ತಕ ಬರೆದರು: ದೀಕ್ಷಾಸ್ನಾನ ಮೊದಲು, ರೊಟ್ಟಿ ಆಮೇಲೆ. ಆ ಕ್ರಮ ಅಪೊಸ್ತಲರ ಕೃತ್ಯಗಳು 2:41–42ರಲ್ಲಿ ಕಾಣುತ್ತದೆ. ನನ್ನ ಮನಸ್ಸು ಬನ್ಯನ್ ಕಡೆಗಿದೆ. ಆದರೂ ಕಿಫಿನ್ ವಾದವನ್ನು, ತಟ್ಟೆ ದಾಟಿಸಿದ ಆ ಹಿರಿಯರು ಓದಿ ‘ಹೌದು, ನನ್ನ ಮಾತು ಇದೇ’ ಎನ್ನುವ ಹಾಗೆ ಬರೆಯಿರಿ.

ಪದಕ್ಕೂ ಕೈ ಹಾಕಿ. ಗ್ರೀಕಿನ ಬಾಪ್ಟಿಜೋ ಎಂದರೆ ಅದ್ದು, ಮುಳುಗಿಸು. ನಮ್ಮ ಸತ್ಯವೇದದಲ್ಲಿ ಅದು ದೀಕ್ಷಾಸ್ನಾನ. ದೀಕ್ಷೆ ಎಂದ ಕೂಡಲೇ ನಮ್ಮ ಸೀಮೆಯವರಿಗೆ ಲಿಂಗದೀಕ್ಷೆ ನೆನಪಾಗುತ್ತದೆ. ಸ್ನಾನವೋ, ಬಚ್ಚಲಲ್ಲಿ ಚೊಂಬಿನಿಂದ ಹುಯ್ದುಕೊಂಡರೂ ಸ್ನಾನವೇ, ಹೇಮಾವತಿಯಲ್ಲಿ ಮುಳುಗೆದ್ದರೂ ಸ್ನಾನವೇ. ಅಜ್ಜಿ ಕನ್ನಡದಲ್ಲಿ ವಾಕ್ಯ ಓದಿ ‘ನನಗೆ ಆಗಿದೆ’ ಎಂದುಕೊಂಡಿದ್ದರೆ ತಪ್ಪು ಅವರದೇ? ಇದನ್ನು ಇಂಗ್ಲಿಷಿನಲ್ಲಿ ಯೋಚಿಸುವವರು ಕೇಳಲಾರರು, ನೀವು ಕೇಳಬಲ್ಲಿರಿ.

ಶಿರಾಡಿ ಘಾಟಿ ಇಳಿದರೆ ಮಂಗಳೂರು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಎರಡು ದಿನ ಕೂತುಬನ್ನಿ. ಆ ಹಿರಿಯರನ್ನೂ ಮನೆಗೇ ಹೋಗಿ ಕೇಳಿ. ಜಗಳಕ್ಕಲ್ಲ, ಅವರಿಗೆ ಯಾವ ವಾಕ್ಯ ಆಧಾರವಾಯಿತು ಎಂದು ತಿಳಿಯುವುದಕ್ಕೆ. ಅಜ್ಜಿ ಆ ಭಾನುವಾರ ಮನೆಗೆ ಬಂದು ಏನೆಂದರು? ಅವರ ಮಾತಿನಲ್ಲೇ ಬೇಕು. ಐದು ಪುಟ ಸಾಕು, ನನ್ನ ಹೆಸರಿಗೇ ಕಳಿಸಿ.

ನಿಮ್ಮ,
ಸಂಪಾದಕ, ಹಾಸನ